ಅರ್ಧ ದಾರಿಯ ಜ್ಯೋತಿಷ್ಯ

ಸಂಪಾದಕರು ಈ ಸಂಚಿಕೆಗೆ ವಿಜ್ಞಾನದ ವಿಷಯವಾಗಿ ಏನಾದರೂ ಬರೆದುಕೊಡಿ ಎಂದು ಕೇಳಿದ್ದರು. ಬರೆಯಲು ಕುಳಿತರೆ ಮನಸ್ಸು ಕಾಲ್ಚೆಂಡಾಟದ ಕಡೆಗೇ ಎಳೆಯಿತು. ಅವರು ಕ್ಷಮಿಸಬೇಕು. ವಿಜ್ಞಾನ ಪೂರ್ತಿ ಇಲ್ಲದೆ ಇಲ್ಲ. ವಿಜ್ಞಾನ ಓದಿದವನೊಬ್ಬ ಹೇಗೆ ತಪ್ಪಿದ ಎಂಬುದಂತೂ ಇದೆ.

ಪ್ರತಿ ವರ್ಷ ಡಿಸೆಂಬರ್-ಜನವರಿಯಲ್ಲಿ, ಜರ್ಮನಿಯ ಮೈದಾನಗಳು ಚಳಿಗೆ ಕೆಲವು ವಾರ ಬಾಗಿಲು ಹಾಕಿದಾಗ, ಈ ದೇಶದಲ್ಲಿ ಒಂದು ದೊಡ್ಡ ಚರ್ಚೆ ಶುರುವಾಗುತ್ತದೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಟ್ರಾಮಿನಲ್ಲಿ, ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಎಲ್ಲಿ ನಿಂತರೂ ಅದೇ ಮಾತು. ನಮ್ಮ ತಂಡ ಈ ವರ್ಷ ಎಲ್ಲಿಗೆ ಮುಟ್ಟುತ್ತದೆ? ಬುಂಡೆಸ್‌ಲೀಗಾದಲ್ಲಿ 18 ತಂಡಗಳು. ಪ್ರತಿ ತಂಡಕ್ಕೂ 34 ಪಂದ್ಯಗಳು. 17 ಪಂದ್ಯ ಮುಗಿದಾಗ ಪಟ್ಟಿಯ ತುದಿಯಲ್ಲಿರುವ ತಂಡವನ್ನು ‘ಹೆರ್ಬ್ಸ್ಟ್‌ಮೈಸ್ಟರ್’, ಅಂದರೆ ಶರತ್ಕಾಲದ ಚಾಂಪಿಯನ್, ಎಂದು ಕರೆಯುತ್ತಾರೆ. ಅದಕ್ಕೆ ಬಟ್ಟಲೂ ಇಲ್ಲ, ಪದಕವೂ ಇಲ್ಲ. ನಿಶ್ಚಿತಾರ್ಥವಾಗಿದೆ, ಲಗ್ನ ಆಗಿಲ್ಲ ಎನ್ನುವ ಹಾಗೆ. ಈವರೆಗಿನ ಲೆಕ್ಕದಲ್ಲಿ ಸುಮಾರು ಮೂರು ಪಾಲಿನಲ್ಲಿ ಎರಡು ಪಾಲು ಲಗ್ನವೂ ಆಗಿದೆ, ಉಳಿದದ್ದು ಮುರಿದಿದೆ.

ನಾನು ಹೇಳಹೊರಟಿರುವುದು 2024ರ ಜನವರಿಯ ಮಾತು. ಆ ತಿಂಗಳ 14, ಭಾನುವಾರ, ನಮ್ಮ ಸಂಘದ ಸಂಕ್ರಾಂತಿ ಕೂಟ. ಹಿಂದಿನ ದಿನ ಶನಿವಾರ ಸಂಜೆ ಲೆವರ್ಕೂಸೆನ್ ತಂಡ ಆಗ್ಸ್‌ಬುರ್ಗ್‌ಗೆ ಹೋಗಿ, 90 ನಿಮಿಷ ಕಳೆದರೂ ಗೋಲಿಲ್ಲದೆ ಒದ್ದಾಡಿ, ಹೆಚ್ಚುವರಿ ಸಮಯದ 4ನೆಯ ನಿಮಿಷದಲ್ಲಿ ಪಲಾಸಿಯೋಸ್ ಹೊಡೆದ ಒಂದು ಗೋಲಿನಿಂದ ಗೆದ್ದಿತ್ತು. 17 ಪಂದ್ಯ, 14 ಗೆಲುವು, 3 ಸಮ, ಸೋಲು ಇಲ್ಲ, 45 ಅಂಕ. ಶರತ್ಕಾಲದ ಚಾಂಪಿಯನ್. ಎರಡನೆಯ ಸ್ಥಾನದಲ್ಲಿ ಮ್ಯೂನಿಕ್‌ನ ಬಾಯರ್ನ್ ತಂಡ, 41 ಅಂಕ. ಅವರು ಒಂದು ಪಂದ್ಯ ಕಡಿಮೆ ಆಡಿದ್ದರು.

ಹೆಂಗಸರು ಎಳ್ಳು ಬೀರುತ್ತಿದ್ದರು, ಮಕ್ಕಳು ಸಕ್ಕರೆ ಅಚ್ಚುಗಳನ್ನು ಎಣಿಸುತ್ತಿದ್ದರು. ಗಂಡಸರು ಒಂದು ಮೂಲೆ ಹಿಡಿದು ಈ ಪಂಚಾಯಿತಿ ಹೂಡಿದ್ದೆವು. ಗಂಡಸರು ಎಂದದ್ದು ತಪ್ಪು. ಆ ಗುಂಪಿನಲ್ಲಿ ಆಟವನ್ನು ನಿಜವಾಗಿ ನೋಡುವವರು ನಮ್ಮ ಕಾರ್ಯದರ್ಶಿಗಳ ಶ್ರೀಮತಿಯವರೊಬ್ಬರೇ. ಅವರಿಗೆ ಮಾತನಾಡಲು ಸಂದು ಸಿಕ್ಕಿದ್ದು ಕೊನೆಯಲ್ಲಿ.

ಮೊದಲು ಬಾಯಿ ತೆರೆದವರು ನಮ್ಮ ಖಜಾಂಚಿಗಳು. ಅವರು ಕಲೋನ್ ತಂಡದ ಭಕ್ತರು. ಕಲೋನ್ ಆ ವರ್ಷ ಪಟ್ಟಿಯ ತಳದಲ್ಲಿ ಮುಳುಗೇಳುತ್ತಿತ್ತು. (ಮೇ ತಿಂಗಳಲ್ಲಿ ಮುಳುಗಿಯೇ ಹೋಗಿ ಎರಡನೆಯ ದರ್ಜೆಗೆ ಇಳಿಯಿತು, ಆ ನೋವನ್ನು ಇಲ್ಲಿ ಕೆದಕುವುದಿಲ್ಲ.) ರೈನ್ ನದಿಯ ಈಚೆ ದಡದ ತಂಡ ಮೇಲೇರುವುದನ್ನು ಅವರು ಸಹಿಸುವುದು ಕಷ್ಟವೇ. “ನೋಡಿ ಸ್ವಾಮಿ, ಡಿಸೆಂಬರ್ ತಿಂಗಳ ಲೆಕ್ಕ ಬೇರೆ, ಮಾರ್ಚ್ ಮೂವತ್ತೊಂದರ ಲೆಕ್ಕ ಬೇರೆ. ಇವರ ಹೆಸರೇ ಫೀಟ್ಸೆಕೂಸೆನ್. ಇವರು ಗೆದ್ದರೆ ಇಡೀ ಸಂಘಕ್ಕೆ ನನ್ನ ಕೈಯಾರೆ ಬಿಸಿಬೇಳೆ ಹುಳಿಯನ್ನ ಮಾಡಿ ಬಡಿಸುತ್ತೇನೆ” ಎಂದರು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಫೀಟ್ಸೆ ಎಂದರೆ ಉಪ. ಉಪಾಧ್ಯಕ್ಷ, ಉಪಕಾರ್ಯದರ್ಶಿ ಎನ್ನುವ ಹಾಗೆ ‘ಉಪಕೂಸೆನ್’, ಸದಾ ಎರಡನೆಯವರು. ಈ ಅಡ್ಡಹೆಸರಿಗೆ ಕಾರಣವಿಲ್ಲದೆ ಇಲ್ಲ. 2000ದ ಮೇ 20ರಂದು, ಕೊನೆಯ ಪಂದ್ಯದಲ್ಲಿ, ಮ್ಯೂನಿಕ್ ಪಕ್ಕದ ಉಂಟರ್‌ಹಾಖಿಂಗ್ ಎಂಬ ಪುಟ್ಟ ಊರಿನಲ್ಲಿ ಒಂದು ಸಮ ಸಾಧಿಸಿದ್ದರೆ ಸಾಕಿತ್ತು. ಬಾಲಾಕ್ ತನ್ನ ಗೋಲಿಗೆ ತಾನೇ ಚೆಂಡು ಹೊಡೆದು, ತಂಡ 2-0 ಸೋತು, ಪಟ್ಟ ಗೋಲುಗಳ ವ್ಯತ್ಯಾಸದ ಮೇಲೆ ಮ್ಯೂನಿಕ್‌ಗೆ ಹೋಯಿತು. 2002ರಲ್ಲಿ ಮೂರು ಪಂದ್ಯ ಬಾಕಿಯಿದ್ದಾಗ 5 ಅಂಕ ಮುಂದಿದ್ದವರು ಬ್ರೆಮೆನ್‌ಗೂ ನ್ಯೂರೆನ್‌ಬರ್ಗ್‌ಗೂ ಸೋತು, ಒಂದು ಅಂಕದಿಂದ ಪಟ್ಟವನ್ನು ಡಾರ್ಟ್‌ಮುಂಡ್‌ಗೆ ಒಪ್ಪಿಸಿದರು. ಅದೇ ತಿಂಗಳು ಜರ್ಮನ್ ಕಪ್ ಫೈನಲ್‌ನಲ್ಲಿ ಶಾಲ್ಕೆಗೆ 4-2 ಸೋಲು. ಗ್ಲಾಸ್ಗೋದಲ್ಲಿ ಯೂರೋಪಿನ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ 2-1 ಸೋಲು. ಒಂದೇ ಮೇ ತಿಂಗಳಲ್ಲಿ ಮೂರು ಸಲ ಎರಡನೆಯವರು. 2009-10ರಲ್ಲಿ ಹೈಂಕೆಸ್ ಅವರ ಕೈಕೆಳಗೆ ಮೊದಲ 24 ಪಂದ್ಯ ಸೋಲದೆ ಆಡಿ, ಶರತ್ಕಾಲದ ಚಾಂಪಿಯನ್ ಎನಿಸಿಕೊಂಡು, ಕೊನೆಗೆ ತಲುಪಿದ್ದು ನಾಲ್ಕನೆಯ ಸ್ಥಾನ.

ಹುಬ್ಬಳ್ಳಿಯ ಗೆಳೆಯರು ಒಬ್ಬರು ಇದನ್ನೆಲ್ಲ ಕೇಳಿ, “ಇದು ಜರ್ಮನಿಯ ಆರ್‌ಸಿಬಿ ಐತ್ರೀ ಡಾಕ್ಟ್ರ. ಜನವರಿ ತನಕಾ ಹುಲಿ, ಮೇ ಬಂತಂದ್ರ ಇಲಿ” ಎಂದರು. ಎಲ್ಲರೂ ನಕ್ಕೆವು. ಬೆಂಗಳೂರು ತಂಡ 2009, 2011, 2016 ಮೂರೂ ಫೈನಲ್‌ಗಳಲ್ಲಿ ಸೋತದ್ದನ್ನು ನೋಡಿದ ನಮಗೆ ಈ ನಗೆ ಹೊಸದಲ್ಲ. ‘ಈ ಸಲ ಕಪ್ ನಮ್ದೇ’ ಎಂಬುದನ್ನು ನಾವೇ ಮೊದಲು ಘೋಷಣೆಯಾಗಿ ಕೂಗಿ, ಆಮೇಲೆ ಹಾಸ್ಯವಾಗಿ ಮಾಡಿಕೊಂಡವರು. ಬೇರೆಯವರು ನಗುವುದಕ್ಕೆ ಮೊದಲು ನಾವೇ ನಕ್ಕುಬಿಟ್ಟರೆ ಪೆಟ್ಟು ಕಡಿಮೆ.

ಎರಡನೆಯ ಪಕ್ಷದವರು ಪಟ್ಟಿ ಹಿಡಿದು ಬಂದವರು. ಅವರ ಮಾತಿಗೆ ತೂಕವಿತ್ತು. ಆಫ್ರಿಕಾ ಖಂಡದ ಕಪ್ ಪಂದ್ಯಾವಳಿ ಆ ಶನಿವಾರವೇ ಐವರಿ ಕೋಸ್ಟ್‌ನಲ್ಲಿ ಆರಂಭವಾಗಿತ್ತು. ಲೆವರ್ಕೂಸೆನ್ನಿನ ತಾಪ್ಸೋಬಾ, ಕೊಸೂನೂ, ಅದ್ಲಿ ಮೂವರೂ ತಂತಮ್ಮ ದೇಶಗಳಿಗಾಗಿ ಆಡಲು ಹೋಗಿದ್ದರು. ಮುಂದಾಳಾಗಿ ಗೋಲು ಹೊಡೆಯುತ್ತಿದ್ದ ನೈಜೀರಿಯದ ಬೊನಿಫೇಸ್ ತೊಡೆಸಂದಿಯ ಸ್ನಾಯು ಹರಿದುಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿಯುವಂತಾಗಿತ್ತು. ಅತ್ತ ಮ್ಯೂನಿಕ್‌ನಲ್ಲಿ ಹ್ಯಾರಿ ಕೇನ್ ಪ್ರತಿ ವಾರ ಗೋಲು ಸುರಿಸುತ್ತಿದ್ದ. ಹಂದರದ ನಾಲ್ಕು ಕಂಬ ಕಿತ್ತರೆ ಚಪ್ಪರ ನಿಲ್ಲುತ್ತದೆಯೆ ಎಂಬುದು ಅವರ ಪ್ರಶ್ನೆ.

ಮೂರನೆಯ ಪಕ್ಷ ನಾನು. ಒಬ್ಬನದೇ ಪಕ್ಷ, ಆದರೆ ಗಂಟಲು ಮೂವರದು. ಇದಕ್ಕೆ ಇತಿಹಾಸವೂ ಬೇಡ, ಗಾಯಾಳುಗಳ ಪಟ್ಟಿಯೂ ಬೇಡ, ಅಂಕಿಗಳೇ ಸಾಕು ಎಂದೆ. ಒಂದು ಪದಾರ್ಥ ಮೊದಲ ಅರ್ಧ ಗಂಟೆಯಲ್ಲಿ ಅರ್ಧದಷ್ಟು ಪರಿವರ್ತನೆಗೊಂಡಿತು ಎಂದರೆ, ಮುಂದಿನ ಅರ್ಧ ಗಂಟೆಯಲ್ಲಿ ಉಳಿದದ್ದೆಲ್ಲ ಆಗಿಬಿಡುತ್ತದೆ ಎಂದು ತಿಳಿಯಬಾರದು. ಸಾಮಾನ್ಯವಾಗಿ ಉಳಿದದ್ದರಲ್ಲಿ ಅರ್ಧ ಮಾತ್ರ ಆಗುತ್ತದೆ. ವೇಗ ಇಳಿಯುತ್ತಲೇ ಹೋಗುತ್ತದೆ ಎಂದು ಪೇಪರ್ ತಟ್ಟೆಯ ಹಿಂಭಾಗದಲ್ಲಿ ರೇಖೆ ಎಳೆದು ತೋರಿಸಿದೆ. ಕೊನೆಯ ನಿಮಿಷದ ಗೋಲುಗಳು ಅದೃಷ್ಟ, ಅದೃಷ್ಟಕ್ಕೆ ಎರಡನೆಯ ಅರ್ಧ ಇರುವುದಿಲ್ಲ ಎಂದೂ ಹೇಳಿದೆ. ತಟ್ಟೆ ನೋಡಿ ಎಲ್ಲರೂ ತಲೆದೂಗಿದರು. ಡಾಕ್ಟರೇಟ್ ಪದವಿಯ ಒಂದು ದೊಡ್ಡ ಅಪಾಯವೆಂದರೆ, ತನ್ನ ವಿಷಯವಲ್ಲದ್ದರಲ್ಲಿಯೂ ಮನುಷ್ಯ ನಂಬಿಕೆಗೆ ಅರ್ಹನಾಗಿ ಕಾಣುವುದು.

ಆಗ ಕಾರ್ಯದರ್ಶಿಗಳ ಶ್ರೀಮತಿಯವರು ತಟ್ಟೆಗೆ ಒಂದು ಹಿಡಿ ಎಳ್ಳುಬೆಲ್ಲ ಸುರಿದು, “ಡಾಕ್ಟರೇ, ನೀವು ಈ ವರ್ಷ ಎಷ್ಟು ಪಂದ್ಯ ಪೂರ್ತಿ ನೋಡಿದ್ದೀರಿ?” ಎಂದು ಕೇಳಿದರು. ಎರಡು ಎಂದೆ. “ಅವರು ಮೊದಲ ಎಪ್ಪತ್ತು ನಿಮಿಷ ಎದುರಾಳಿಗಳನ್ನು ಓಡಿಸಿ ಓಡಿಸಿ ಸುಸ್ತು ಮಾಡುತ್ತಾರೆ. ಕೊನೆಯಲ್ಲಿ ಗೋಲು ಬರದೆ ಇನ್ನೇನಾಗುತ್ತದೆ?” ಎಂದು ಹೇಳಿ ಮುಂದಿನವರಿಗೆ ಎಳ್ಳು ಕೊಡಲು ಹೋದರು. ಆ ಮಾತನ್ನು ನಾವು ಯಾರೂ ಎತ್ತಿಕೊಳ್ಳಲಿಲ್ಲ.

ಕೂಟ ಮುಗಿಸಿ ಹೊರಟಾಗ ಕಾರಿನ ಹಿಂದಿನ ಸೀಟಿನಿಂದ ನನ್ನ ಮಗಳು, ಆಗ ಅವಳಿಗೆ ಎಂಟು ವರ್ಷ, “ಅಪ್ಪಾ, ನಾವು ಗೆಲ್ತೀವಾ?” ಎಂದಳು. ಅವಳು ಹುಟ್ಟಿದ್ದೂ ಬೆಳೆದದ್ದೂ ಇಲ್ಲಿಯೇ. ‘ನಾವು’ ಎಂಬುದನ್ನು ಅವಳು ಯೋಚಿಸಿ ಆಡಿದ್ದಲ್ಲ. ತರಗತಿಯಲ್ಲಿ ಹೆಚ್ಚಿನವರು ಕಲೋನ್ ತಂಡದವರು. ಕೆಂಪು-ಕಪ್ಪು ಶಾಲು ಹಾಕಿಕೊಂಡು ಹೋಗುತ್ತಿದ್ದವಳು ಇವಳು. ನಾನು ಅದೇ ಭಾಷಣವನ್ನು ಸ್ವಲ್ಪ ಸುಲಭ ಮಾಡಿ ಹೇಳಿದೆ. ಆಸೆ ಇಟ್ಟುಕೊಳ್ಳಬೇಡ, ಆಮೇಲೆ ಬೇಜಾರಾಗುತ್ತದೆ ಎಂದೆ. ಅವಳು ಸುಮ್ಮನಾದಳು. ಮರುದಿನ ಶಾಲು ಗೂಟದ ಮೇಲೆ ಇರಲಿಲ್ಲ. ಬಟ್ಟೆಯ ಡ್ರಾಯರಿನಲ್ಲಿ ಮಡಿಸಿ ಇಟ್ಟಿದ್ದಳು. “ಮಗು ಕೇಳಿದ್ದು ಒಂದು, ನೀವು ಹೇಳಿದ್ದು ಇನ್ನೊಂದು ಕಣ್ರೀ” ಎಂದಳು ನನ್ನ ಹೆಂಡತಿ.

ಮುಂದೆ ನಡೆದದ್ದು ನಿಮಗೆ ಗೊತ್ತು. ಮುಂದಿನ ಶನಿವಾರವೇ ಲೈಪ್‌ಜಿಗ್‌ನಲ್ಲಿ ಮತ್ತೆ 90 ನಿಮಿಷ ದಾಟಿದ ಮೇಲೆ ಇನ್‌ಕಾಪಿಯೆಯ ಗೋಲು, 3-2. ಮರುದಿನ ಮ್ಯೂನಿಕ್ ತನ್ನ ಮನೆಯಲ್ಲಿಯೇ ಬ್ರೆಮೆನ್‌ಗೆ 1-0 ಸೋತಿತು. ಫೆಬ್ರವರಿ 10ರಂದು ಮ್ಯೂನಿಕ್ ತಂಡ ಲೆವರ್ಕೂಸೆನ್ನಿಗೆ ಬಂದು 3-0 ಸೋತು ಹೋಯಿತು. ಅದರ ಮೊದಲ ಗೋಲು ಹೊಡೆದವನು ಸ್ಟಾನಿಶಿಚ್, ಮ್ಯೂನಿಕ್ ತಂಡವೇ ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿದ್ದ ಹುಡುಗ. ಏಪ್ರಿಲ್ 14ರಂದು, ಐದು ಪಂದ್ಯ ಇನ್ನೂ ಬಾಕಿಯಿರುವಾಗಲೇ, ಬ್ರೆಮೆನ್ ವಿರುದ್ಧ 5-0 ಗೆದ್ದು ಪಟ್ಟ. ವಿರ್ಟ್ಸ್ ಮೂರನೆಯ ಸಲ ಗೋಲು ಹೊಡೆದಾಗ ಜನ ಮೈದಾನಕ್ಕೆ ನುಗ್ಗಿದರು. ಪಂದ್ಯ ಅಲ್ಲಿಗೇ ಮುಗಿಯಿತು. 34 ಪಂದ್ಯಗಳಲ್ಲಿ 28 ಗೆಲುವು, 6 ಸಮ, 90 ಅಂಕ. ಎರಡನೆಯ ಸ್ಥಾನಕ್ಕೆ ಬಂದ ಸ್ಟುಟ್‌ಗಾರ್ಟ್‌ಗೂ ಇವರಿಗೂ 17 ಅಂಕಗಳ ಅಂತರ. ಮ್ಯೂನಿಕ್ ಮೂರನೆಯದು. ಬುಂಡೆಸ್‌ಲೀಗಾದಲ್ಲಿ ಇಡೀ ವರ್ಷ ಒಂದೂ ಪಂದ್ಯ ಸೋಲದೆ ಪಟ್ಟ ಗೆದ್ದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಎಲ್ಲ ಸ್ಪರ್ಧೆಗಳೂ ಸೇರಿ 51 ಪಂದ್ಯ ಸೋಲಿಲ್ಲದೆ ಆಡಿ, ಮೇ 22ರಂದು ಡಬ್ಲಿನ್‌ನಲ್ಲಿ ಅಟಲಾಂಟಾಗೆ 3-0 ಸೋತರು. ಮೂರು ದಿನ ಕಳೆದು ಜರ್ಮನ್ ಕಪ್ಪನ್ನೂ ಗೆದ್ದರು.

ಕೊನೆಯ ನಿಮಿಷದ ಗೋಲುಗಳ ಮಾತು. ಮಾರ್ಚಿಯಲ್ಲಿ ಕಾರಾಬಾಗ್ ವಿರುದ್ಧ ಹೆಚ್ಚುವರಿ ಸಮಯದಲ್ಲಿಯೇ ಷಿಕ್ ಎರಡು ಗೋಲು ಹೊಡೆದು ಗೆಲ್ಲಿಸಿದ. ಏಪ್ರಿಲ್‌ನಲ್ಲಿ ಡಾರ್ಟ್‌ಮುಂಡ್ ಜೊತೆ 97ನೆಯ ನಿಮಿಷ, ಸ್ಟುಟ್‌ಗಾರ್ಟ್ ಜೊತೆ 96ನೆಯ ನಿಮಿಷ, ಮೇ ತಿಂಗಳಲ್ಲಿ ರೋಮಾ ಜೊತೆ ಮತ್ತೆ 97. ನಮ್ಮ ಪ್ರಯೋಗಶಾಲೆಯಲ್ಲಿ ಒಂದು ಕಲ್ಮಶ ಒಂದು ಸಲ ಕಂಡರೆ ಪಾತ್ರೆ ಸರಿಯಾಗಿ ತೊಳೆದಿಲ್ಲ ಎನ್ನುತ್ತೇವೆ. ಹತ್ತು ಸಲ ಮಾಡಿದಾಗಲೂ ಅದೇ ಕಲ್ಮಶ ಅದೇ ಜಾಗದಲ್ಲಿ ಕಂಡರೆ ಅದು ಕಲ್ಮಶವಲ್ಲ, ಕ್ರಿಯೆಯ ಭಾಗ; ಅದಕ್ಕೆ ಕಾರಣ ಹುಡುಕಬೇಕು. ಕಾರಣವನ್ನು ಎಳ್ಳುಬೆಲ್ಲದ ಜೊತೆ ಜನವರಿಯಲ್ಲಿಯೇ ನನ್ನ ತಟ್ಟೆಗೆ ಹಾಕಿದ್ದರು. ಆಟಗಾರರು ದ್ರಾವಣದಲ್ಲಿ ಕರಗಿ ಮುಗಿದುಹೋಗುವ ಪದಾರ್ಥವಲ್ಲ ಎಂಬ ಸರಳ ಸಂಗತಿ ನನಗೆ ಹೊಳೆದಿರಲಿಲ್ಲ.

ಭವಿಷ್ಯ ತಪ್ಪಿತು ಎಂಬುದಕ್ಕೆ ನನಗೆ ನಾಚಿಕೆಯಿಲ್ಲ. ತಪ್ಪುವುದು ಸಹಜ. 2018-19ರಲ್ಲಿ 17 ಪಂದ್ಯ ಮುಗಿದಾಗ ಡಾರ್ಟ್‌ಮುಂಡ್ ಮ್ಯೂನಿಕ್‌ಗಿಂತ 6 ಅಂಕ ಮುಂದಿತ್ತು. ಕೊನೆಗೆ 2 ಅಂಕ ಹಿಂದೆ ಬಿತ್ತು. ಅಂದು ಡಾರ್ಟ್‌ಮುಂಡ್ ಗೆಲ್ಲುವುದಿಲ್ಲ ಎಂದವನು ಬುದ್ಧಿವಂತ ಎನಿಸಿಕೊಂಡ. ನನ್ನ ತಕರಾರು ಇರುವುದು ಯಾವುದನ್ನು ಸಾಕ್ಷಿ ಎಂದು ಒಪ್ಪಬೇಕು, ಯಾವುದನ್ನು ಒಪ್ಪಬಾರದು ಎಂಬ ವಿಷಯದಲ್ಲಿ.

ಆ ದಿನ ನಮ್ಮ ಮೂಲೆಯಲ್ಲಿ ಎರಡು ಮಾತುಗಳು ಅಣ್ಣತಮ್ಮಂದಿರ ಹಾಗೆ ಒಟ್ಟಿಗೇ ಓಡಾಡುತ್ತಿದ್ದವು. ಒಂದು, ‘ಮ್ಯೂನಿಕ್ ಕೊನೆಗೆ ಬಂದೇ ಬರುತ್ತದೆ’. ಇನ್ನೊಂದು, ‘ಲೆವರ್ಕೂಸೆನ್ ಕೊನೆಗೆ ಬಿದ್ದೇ ಬೀಳುತ್ತದೆ’. ಎರಡೂ ಇತಿಹಾಸದ ಮಾತೇ. ಆದರೆ ಮೊದಲನೆಯದಕ್ಕೆ ಕಾರಣವಿದೆ, ಎರಡನೆಯದಕ್ಕೆ ಇಲ್ಲ. ಮ್ಯೂನಿಕ್ 2013ರಿಂದ 2023ರವರೆಗೆ ಸತತ 11 ವರ್ಷ ಗೆದ್ದದ್ದು ಹಣೆಬರಹದಿಂದ ಅಲ್ಲ, ಹಣದ ಚೀಲದಿಂದ. ಎದುರಾಳಿಯ ಒಳ್ಳೆಯ ಆಟಗಾರ ಕಣ್ಣಿಗೆ ಬಿದ್ದರೆ ಅವರು ಅವನನ್ನೇ ಕರೆದುಕೊಂಡು ಬರುತ್ತಾರೆ. 2002ರಲ್ಲಿ ಲೆವರ್ಕೂಸೆನ್ ಎಲ್ಲವನ್ನೂ ಕಳೆದುಕೊಂಡ ಬೇಸಿಗೆಯಲ್ಲಿಯೇ ಬಾಲಾಕ್ ಮತ್ತು ಜೆ ರೊಬೆರ್ಟೊ ಇಬ್ಬರೂ ಮ್ಯೂನಿಕ್‌ಗೆ ಹೋದರು. ಈ ಹಣ ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಹರಿದು ಬರುತ್ತದೆ. ಆದ್ದರಿಂದ ಅವರ ಹಿಂದಿನ ಗೆಲುವು ಮುಂದಿನ ಗೆಲುವಿಗೆ ಸಾಕ್ಷಿಯಾಗಬಲ್ಲದು. 2023ರ ಮೇ 27ರಂದು, ಕೊನೆಯ ದಿನ, ಡಾರ್ಟ್‌ಮುಂಡ್ ಮೈಂಟ್ಸ್ ಜೊತೆ 2-2 ಮಾಡಿಕೊಂಡು ಕೂತಾಗ ಕಲೋನ್‌ನಲ್ಲಿ 89ನೆಯ ನಿಮಿಷಕ್ಕೆ ಮುಸಿಯಾಲಾ ಗೋಲು ಹೊಡೆದು ಪಟ್ಟ ಒಯ್ದದ್ದನ್ನು ನೋಡಿದವರು ಮ್ಯೂನಿಕ್‌ಗೆ ಹೆದರಿದರೆ ತಪ್ಪೇನೂ ಅಲ್ಲ.

ಆದರೆ 2002ರ ಸೋಲು 2024ಕ್ಕೆ ಯಾವ ದಾರಿಯಿಂದ ಹರಿದು ಬರುತ್ತದೆ? ಆ ತಂಡದ ಒಬ್ಬ ಆಟಗಾರನೂ ಈ ತಂಡದಲ್ಲಿ ಇರಲಿಲ್ಲ. ವಿರ್ಟ್ಸ್ ಹುಟ್ಟಿದ್ದೇ 2003ರ ಮೇ ತಿಂಗಳಲ್ಲಿ. ಗ್ಲಾಸ್ಗೋದಲ್ಲಿ ಜಿದಾನ್ ಆ ಗೋಲು ಹೊಡೆದಾಗ ಈ ಹುಡುಗ ಇನ್ನೂ ಭೂಮಿಯ ಮೇಲೆಯೇ ಇರಲಿಲ್ಲ. ತರಬೇತುದಾರ ಷಾಬಿ ಅಲೊನ್ಸೊ 2022ರ ಅಕ್ಟೋಬರ್‌ನಲ್ಲಿ ಬಂದಾಗ ತಂಡ 8 ಪಂದ್ಯಗಳಲ್ಲಿ 5 ಅಂಕ ಪಡೆದು ತಳದಿಂದ ಎರಡನೆಯ ಸ್ಥಾನದಲ್ಲಿತ್ತು. ಆ ವರ್ಷವೇ ಅದನ್ನು ಆರನೆಯ ಸ್ಥಾನಕ್ಕೆ ತಂದು ನಿಲ್ಲಿಸಿದರು. ಸಾಕ್ಷಿ ಬೇಕಿದ್ದರೆ ನಾವು ನೋಡಬೇಕಾಗಿದ್ದದ್ದು ಅದನ್ನು. ಖಜಾಂಚಿಗಳು ಇದಕ್ಕೂ ಉತ್ತರ ಇಟ್ಟಿದ್ದಾರೆ. ಹೆಸರು ಕೆಟ್ಟರೆ ಮನಸ್ಸೂ ಕೆಡುತ್ತದೆ, ಊರೆಲ್ಲ ಬೀಳುತ್ತೀಯ ಎಂದರೆ ನಡೆಯುವವನ ಕಾಲು ತಡವರಿಸುವುದಿಲ್ಲವೆ ಎನ್ನುತ್ತಾರೆ. ಇದು ಗಂಭೀರವಾದ ಆಕ್ಷೇಪಣೆ, ಒಪ್ಪುತ್ತೇನೆ. ಆದರೆ ಹಾಗಿದ್ದರೆ ಕಾಲು ತಡವರಿಸಲು ಕಾರಣ ಇತಿಹಾಸವಲ್ಲ, ಬೀಳುತ್ತೀಯ ಎಂದು ಜನವರಿಯಿಂದ ಜಪಿಸುವ ನಾವು. ಅಲ್ಲದೆ ಈ ತಂಡವನ್ನು ನಡೆಸುತ್ತಿದ್ದವರು 2005ರ ಮೇ 25ರಂದು ಇಸ್ತಾನ್‌ಬುಲ್‌ನಲ್ಲಿ ಲಿವರ್‌ಪೂಲ್ ಪರವಾಗಿ ಆಡಿದ ಮನುಷ್ಯ. ಮಿಲಾನ್ ಎದುರು ಅರ್ಧ ಆಟಕ್ಕೆ 3-0 ಹಿಂದೆ. ಮೂರನೆಯ ಗೋಲು ಹೊಡೆದು ಸಮ ಮಾಡಿದವರು ಅಲೊನ್ಸೊ ಅವರೇ. ಕೊನೆಗೆ ಪೆನಾಲ್ಟಿಗಳಲ್ಲಿ ಗೆಲುವು.

ಅರ್ಧ ಆಟದ ಮಾತು ಬಂದದ್ದರಿಂದ ನಮ್ಮ ಪಕ್ಕದ ಮನೆಯ ಅಜ್ಜನವರ ವಿಷಯ ಹೇಳಬೇಕು. ನನ್ನ ಮಗಳು ಅವರನ್ನು ‘ಓಪಾ’ ಎನ್ನುತ್ತಾಳೆ. ಕಾರ್ಖಾನೆಯಿಂದ ನಿವೃತ್ತರು. ಲೆವರ್ಕೂಸೆನ್ ಎಂಬ ಊರೇ ರಸಾಯನಶಾಸ್ತ್ರದ ಮಗು ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಕಾರ್ಲ್ ಲೆವರ್ಕುಸ್ ಎಂಬ ಔಷಧ ವ್ಯಾಪಾರಿ 19ನೆಯ ಶತಮಾನದಲ್ಲಿ ಇಲ್ಲಿ ಅಲ್ಟ್ರಾಮರೀನ್ ನೀಲಿಯ ಕಾರ್ಖಾನೆ ಹಾಕಿದ. ನಮ್ಮ ತಾಯಂದಿರು ಬಿಳಿ ಪಂಚೆಗೆ ಹಾಕುತ್ತಿದ್ದ ಅದೇ ನೀಲಿ. 1930ರಲ್ಲಿ ಊರಿಗೆ ಅವನ ಹೆಸರು ಬಂತು. ಅಲ್ಲಿ ಬಾಯರ್ ಬಣ್ಣದ ಕಂಪನಿ ಬೆಳೆಯಿತು. 1903ರ ನವೆಂಬರ್‌ನಲ್ಲಿ ನಮಗೊಂದು ಆಟದ ಸಂಘ ಬೇಕು ಎಂದು ಕೆಲಸಗಾರರು ಸಹಿ ಹಾಕಿ ಕಂಪನಿಗೆ ಪತ್ರ ಕೊಟ್ಟರು. 1904ರಲ್ಲಿ ಸಂಘ ಹುಟ್ಟಿತು. ಬೇರೆ ಊರಿನವರು ಈಗಲೂ ಇದನ್ನು ಕಂಪನಿಯ ತಂಡ, ಬೇರಿಲ್ಲದ ತಂಡ ಎಂದು ಹಂಗಿಸುತ್ತಾರೆ. ನೂರಿಪ್ಪತ್ತು ವರ್ಷದ ಬೇರು ಸಾಲದಿದ್ದರೆ ಇನ್ನೆಷ್ಟು ಬೇಕೋ.

1988ರಲ್ಲಿ ಈ ತಂಡ ಯೂಇಎಫ್‌ಎ ಕಪ್ ಫೈನಲ್ ತಲುಪಿತು. ಮೊದಲ ಪಂದ್ಯ ಬಾರ್ಸಿಲೋನಾದ ಎಸ್ಪಾನ್ಯೋಲ್ ತಂಡದ ಮೈದಾನದಲ್ಲಿ, 3-0 ಸೋಲು. ಎರಡನೆಯದು ಮೇ 18, ಬುಧವಾರ, ಲೆವರ್ಕೂಸೆನ್ನಿನಲ್ಲಿ. ಅರ್ಧ ಆಟಕ್ಕೆ 0-0. ಮೂರು ಗೋಲು ಹಿಂದೆ, 45 ನಿಮಿಷ ಬಾಕಿ. ನಮ್ಮ ಓಪಾ ಮರುದಿನ ಬೆಳಗಿನ ಪಾಳಿ ಇದೆ ಎಂದು ಎದ್ದು ಮನೆಗೆ ಹೊರಟರಂತೆ. 57, 63, 81ನೆಯ ನಿಮಿಷಗಳಲ್ಲಿ ಮೂರು ಗೋಲು. ಕೊನೆಯದು ಕೊರಿಯಾದ ಚಾ ಬುಮ್-ಕುನ್ ಹೊಡೆದದ್ದು. ಪೆನಾಲ್ಟಿಗಳಲ್ಲಿ 3-2 ಗೆದ್ದು ಕಪ್ ಬಂತು. ಬೀದಿಯಲ್ಲಿ ಕಾರುಗಳ ಹಾರನ್ ಕೇಳಿ ಎದ್ದು ಕಿಟಕಿ ತೆರೆದಾಗಲೇ ಅವರಿಗೆ ವಿಷಯ ತಿಳಿದದ್ದು. ಈಗಲೂ ಅದನ್ನು ಹೇಳುವಾಗ ಬೇಲಿಯ ಮೇಲಿನ ಕೈ ಬಿಗಿಯಾಗುತ್ತದೆ. ಅಂದಿನಿಂದ ಅವರು ಯಾವ ಪಂದ್ಯದಿಂದಲೂ ನಡುವೆ ಎದ್ದು ಬಂದಿಲ್ಲ, ಉಂಟರ್‌ಹಾಖಿಂಗ್‌ನಲ್ಲಿಯೂ ಕೊನೆಯವರೆಗೆ ನಿಂತಿದ್ದರು. ಜನವರಿಯಲ್ಲಿ ಈ ಸಲ ಏನಾಗಬಹುದು ಎಂದು ಅವರನ್ನು ಕೇಳಿದ್ದೆ. “ಹೆರ್ ಡಾಕ್ಟರ್, ಶನಿವಾರ ಮಧ್ಯಾಹ್ನ ಮಳೆ ಬರುತ್ತದಂತೆ, ಕೊಡೆ ಹುಡುಕಬೇಕು” ಎಂದರು. ಉತ್ತರ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ.

ಏಪ್ರಿಲ್ 14ರ ರಾತ್ರಿ ಮಗಳು ಡ್ರಾಯರಿನಿಂದ ಶಾಲು ತೆಗೆದಳು. ಸಂತೋಷದಲ್ಲಿ ಕುಣಿದಳು ಎಂದು ಬರೆಯಬೇಕೆಂದು ಆಸೆ; ಆದರೆ ಅವಳು ಶಾಲನ್ನು ಕೈಯಲ್ಲಿ ಹಿಡಿದುಕೊಂಡು, “ಜನವರಿಯಿಂದ ಹಾಕಿಕೊಳ್ಳಬಹುದಿತ್ತು ಅಲ್ವಾ ಅಪ್ಪಾ?” ಎಂದಳು. ಮೂರು ತಿಂಗಳು. ಲೈಪ್‌ಜಿಗ್‌ನ ಗೋಲು, ಮ್ಯೂನಿಕ್ ಮೇಲಿನ ಗೆಲುವು, ಎಲ್ಲವನ್ನೂ ಅವಳು ಪಕ್ಕದಲ್ಲಿ ನಿಂತು ನೋಡಿದ ಹಾಗಾಯಿತು. ನಾನು ಅವಳನ್ನು ಬೇಜಾರಿನಿಂದ ಕಾಪಾಡಲು ಹೋಗಿ ತೆಗೆದುಕೊಂಡದ್ದು ಅದನ್ನು. ತಂಡ ಸೋತಿದ್ದರೂ ಆ ಮೂರು ತಿಂಗಳು ಅವಳವೇ ಆಗಿರುತ್ತಿದ್ದವು ಎಂಬುದು ನನಗೆ ತಡವಾಗಿ ಅರ್ಥವಾಯಿತು. ಆಡಬಾರದು, ದೃಷ್ಟಿಯಾಗುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದುದನ್ನು ನಾನು ಮೌಢ್ಯ ಎನ್ನುತ್ತಿದ್ದೆ. ಪೇಪರ್ ತಟ್ಟೆಯ ಮೇಲೆ ರೇಖೆ ಎಳೆದು ನಾನು ಮಾಡಿದ್ದೂ ಅದನ್ನೇ. ಗೊತ್ತಿಲ್ಲ ಮರಿ, ನೋಡೋಣ ಎನ್ನುವ ಮೂರು ಮಾತು ನನ್ನ ಬಾಯಿಂದ ಏಕೆ ಬರಲಿಲ್ಲ?

ಈ ವಿಷಯದಲ್ಲಿ ನಮ್ಮ ಸಂಘದ ಹಿರಿಯರ ಮೇಲೆಯೂ ನನಗೆ ಸ್ವಲ್ಪ ದೂರಿದೆ. ಮಕ್ಕಳು ಶಾಲೆಯ ತಂಡಕ್ಕೆ ಆಯ್ಕೆಯಾಗಲಿ, ಪಿಟೀಲು ಸ್ಪರ್ಧೆಗೆ ನಿಲ್ಲಲಿ, ನಡುದಾರಿಯಲ್ಲಿ ಅವರನ್ನು ತಡೆದು ಆಸೆ ಇಟ್ಟುಕೊಳ್ಳಬೇಡಿ ಎನ್ನುವುದು ನಮ್ಮ ಕೂಟಗಳಲ್ಲಿ ಒಂದು ಬಗೆಯ ಪ್ರೀತಿ ಎನಿಸಿಕೊಂಡಿದೆ. ನಾನೂ ಅದೇ ಪ್ರೀತಿ ತೋರಿದವನು, ಆದ್ದರಿಂದ ಹೇಳುವ ಹಕ್ಕಿದೆ.

ಅದೇ ಏಪ್ರಿಲ್ ಕೊನೆಯಲ್ಲಿ ಹುಬ್ಬಳ್ಳಿಯ ಗೆಳೆಯರು ಫೋನು ಮಾಡಿದರು. ಬೆಂಗಳೂರು ತಂಡ 8 ಪಂದ್ಯಗಳಲ್ಲಿ 7 ಸೋತು ಪಟ್ಟಿಯ ತಳದಲ್ಲಿತ್ತು. ಎಂಟನೆಯದನ್ನು ಕಲ್ಕತ್ತಕ್ಕೆ ಒಂದೇ ರನ್ನಿನಿಂದ ಸೋತಿತ್ತು. “ಲೆಕ್ಕ ಹಾಕ್ರಿ ಡಾಕ್ಟ್ರ, ಏನ್ ಆಗತೈತಿ?” ಎಂದರು. ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ, ಆರು ಪಂದ್ಯ ಬಾಕಿ ಇದೆಯಲ್ಲ ಎಂದೆ. ಆರನ್ನೂ ಗೆದ್ದು, ಮೇ 18ರಂದು ಚೆನ್ನೈಯನ್ನು ಸೋಲಿಸಿ ಮುಂದಿನ ಸುತ್ತು ಸೇರಿದರು; ನಾಲ್ಕು ದಿನ ಕಳೆದು ರಾಜಸ್ಥಾನಕ್ಕೆ ಸೋತು ಮನೆಗೆ ಬಂದರು. ಕಪ್ ಬಂದದ್ದು ಮರುವರ್ಷ, 2025ರ ಜೂನ್ 3ರಂದು, 18ನೆಯ ಯತ್ನದಲ್ಲಿ. ಅಂದ ಹಾಗೆ, ಕೊಸೂನೂ ಆಡಲು ಹೋದ ಐವರಿ ಕೋಸ್ಟ್ ತಂಡವೂ 2024ರ ಆ ಜನವರಿಯಲ್ಲಿ ತನ್ನ ನೆಲದಲ್ಲಿಯೇ 4-0 ಸೋತು, ನಡುವೆಯೇ ತರಬೇತುದಾರರನ್ನು ಕಳೆದುಕೊಂಡು, ಹೇಗೋ ಮುಂದಿನ ಸುತ್ತಿಗೆ ನುಸುಳಿ, ಕೊನೆಗೆ ಕಪ್ಪನ್ನೇ ಗೆದ್ದಿತು. ಈ ವರ್ಷ ಜ್ಯೋತಿಷಿಗಳಿಗೆ ಒಳ್ಳೆಯದಾಗಲಿಲ್ಲ.

ಇಷ್ಟು ಬರೆದ ಮೇಲೆ, ನಂಬಿದರೆ ಗೆಲ್ಲುತ್ತೇವೆ ಎಂದು ನಾನು ಹೇಳುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. 2024-25ರಲ್ಲಿ ಮ್ಯೂನಿಕ್ 82 ಅಂಕ ಪಡೆದು ಮತ್ತೆ ಗೆದ್ದಿತು. ಲೆವರ್ಕೂಸೆನ್ 69 ಅಂಕಕ್ಕೆ ಎರಡನೆಯದು. ಆ ಬೇಸಿಗೆಯಲ್ಲಿ ಅಲೊನ್ಸೊ ಮ್ಯಾಡ್ರಿಡ್‌ಗೆ ಹೋದರು, ವಿರ್ಟ್ಸ್ ಮತ್ತು ಫ್ರಿಂಪಾಂಗ್ ಲಿವರ್‌ಪೂಲ್‌ಗೆ, ರಕ್ಷಣೆಯ ಕಂಬ ಯೊನಾಥನ್ ಟಾ ಮ್ಯೂನಿಕ್‌ಗೇ. ಕಾರಣವಿರುವ ಇತಿಹಾಸ ಎಂದೆನಲ್ಲ, ಅದು ತನ್ನ ಕೆಲಸ ಮಾಡುತ್ತಲೇ ಇದೆ. ಮಗಳು ಅತ್ತಳು. ಶಾಲು ಮಾತ್ರ ಗೂಟದ ಮೇಲೆಯೇ ಇದೆ.

ಇನ್ನು ಉಳಿದಿರುವುದು ಒಂದು ಲೆಕ್ಕಪತ್ರದ ವಿಷಯ. 2024ರ ಸಂಕ್ರಾಂತಿಯಂದು ಹದಿನೈದಕ್ಕೂ ಹೆಚ್ಚು ಸಾಕ್ಷಿಗಳ ಎದುರು ನಮ್ಮ ಖಜಾಂಚಿಗಳು ಆಡಿದ ಮಾತು ಮೇಲೆ ದಾಖಲಾಗಿದೆ. ಬಿಸಿಬೇಳೆ ಹುಳಿಯನ್ನ ಈವರೆಗೆ ಬಂದಿಲ್ಲ. ಕಲೋನ್ ಕೆಳಗಿಳಿದ ದುಃಖದಲ್ಲಿ ಮೊದಲ ವರ್ಷ ಕೇಳಲಿಲ್ಲ. ಆಮೇಲೆ ಬೇಳೆಯ ಬೆಲೆಯ ಮಾತು ಬಂತು. ಮುಂದಿನ ಯುಗಾದಿ ಕೂಟಕ್ಕೆ ಅದನ್ನು ಖಂಡಿತವಾಗಿ ನಿರೀಕ್ಷಿಸುತ್ತೇವೆ. ಖಾರಾಬೂಂದಿಯನ್ನು ಸೋತ ಜ್ಯೋತಿಷಿಯಾದ ನಾನು ತರುತ್ತೇನೆ.